ರ‍್ಯಾಗ್‌ಮನ್: ಮರಳಿ ಬಂದಾಗಲೆಲ್ಲ ಏನನ್ನು ಕಳೆದುಕೊಂಡು ಬರುತ್ತಾನೆ?

ಹಳೇಸಂಚಿಕೆ
ಡಿಸಿ ಕಾಮಿಕ್ಸ್‌ನ ರ‍್ಯಾಗ್‌ಮನ್, ಅಂದರೆ ರೋರಿ ರೀಗನ್ ಎಂಬ ಸೂಪರ್‌ಹೀರೋ ಬಗ್ಗೆ ಗೊತ್ತಿರುವುದೆಲ್ಲ ಒಂದೇ ಕಡೆ ಸೇರಲಿ ಎಂದು ಈ ಎಳೆ ಶುರುಮಾಡುತ್ತಿದ್ದೇನೆ. ಗುಜರಿ ಅಂಗಡಿಯವನ ಮಗ, ಮೈಮೇಲೆ ತೇಪೆ ಹಾಕಿದ ಚಿಂದಿಯ ಉಡುಪು, ಯಹೂದಿ. 1976ರಲ್ಲಿ ಹುಟ್ಟಿದ. 1991ರಲ್ಲಿ, 2005ರಲ್ಲಿ, 2017ರಲ್ಲಿ ಮರಳಿ ಬಂದ. ಪ್ರತಿ ಸಲವೂ ನಾಲ್ಕು ದಿನ ಸದ್ದು ಮಾಡಿ ಮತ್ತೆ ಮೂಲೆಗೆ ಸರಿದ.

ಮುಖ್ಯವಾಗಿ ಮೂರು ವಿಷಯ ಇತ್ಯರ್ಥವಾಗಬೇಕು. ಒಂದು, ಅವನು ಮೊದಲಿನಿಂದಲೂ ಯಹೂದಿಯೋ, ಆಮೇಲೆ ಮಾಡಿದ್ದೋ? ಎರಡು, ಯಾವ ಸರಣಿಯಿಂದ ಓದಲು ಶುರುಮಾಡಬೇಕು? ಮೂರು, ಪ್ರತಿ ಮರುಹುಟ್ಟಿನಲ್ಲೂ ಎಡವಿದ್ದು ಎಲ್ಲಿ? ಬರೀ ಇಷ್ಟವಾಯಿತು, ಆಗಲಿಲ್ಲ ಅನ್ನುವುದಕ್ಕಿಂತ ಸಂಚಿಕೆ, ವರ್ಷ, ಯಾರು ಬರೆದದ್ದು, ಯಾರು ಬಿಡಿಸಿದ್ದು ಎಂದು ಹಿಡಿದು ಮಾತಾಡೋಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವನ ಕಥೆಯ ಜೀವ ಇರುವುದು ಬಟ್ಟೆಯಲ್ಲಿ. ಬರೆದವರು ಬಟ್ಟೆಯನ್ನು ಬಿಟ್ಟು ಮಾಟಮಂತ್ರ ಹಿಡಿದಾಗಲೆಲ್ಲ ಕಥೆ ಸಡಿಲವಾಗಿದೆ.

ಕರಡು_ಪ್ರತಿ
ಮೊದಲ ಪ್ರಶ್ನೆಗೆ ಉತ್ತರ 1976ರ ಐದು ಸಂಚಿಕೆಗಳಲ್ಲೇ ಇದೆ. 1ನೇ ಸಂಚಿಕೆಯ ಮೇಲಿನ ತಾರೀಖು ಆಗಸ್ಟ್–ಸೆಪ್ಟೆಂಬರ್ 1976, ಬೆಲೆ 30 ಸೆಂಟ್. 5ನೆಯದು ಜೂನ್–ಜುಲೈ 1977. ಅಲ್ಲಿಗೆ ನಿಂತುಹೋಯಿತು. ಬರೆದವರು ರಾಬರ್ಟ್ ಕ್ಯಾನಿಗರ್, ಸಂಪಾದಿಸಿ ರೂಪ ಕೊಟ್ಟವರು ಜೋ ಕ್ಯೂಬರ್ಟ್. ಮುಖಪುಟಗಳೂ ಕ್ಯೂಬರ್ಟ್ ಅವರವೇ. ಒಳಪುಟಗಳಿಗೆ ಅವರು ವಿನ್ಯಾಸ ಹಾಕಿಕೊಟ್ಟರು, ಅದನ್ನು ಬಹುಮಟ್ಟಿಗೆ ತುಂಬಿಸಿದ್ದು ಫಿಲಿಪ್ಪೀನ್ಸ್ ಮೂಲದ ನೆಸ್ಟರ್ ರೆಡೊಂಡೊ ಅವರ ಬಳಗ. ಹಾಗಾಗಿ ಪ್ಯಾನೆಲ್ ಜೋಡಣೆಯಲ್ಲಿ ಕ್ಯೂಬರ್ಟ್ ಅವರ ಒರಟುತನವೂ ಮುಖಗಳಲ್ಲಿ ರೆಡೊಂಡೊ ಅವರ ನಯವೂ ಒಟ್ಟಿಗೆ ಕಾಣುತ್ತವೆ.

ಕಥೆ ಇಷ್ಟು. ರೋರಿ ವಿಯೆಟ್ನಾಂ ಯುದ್ಧ ಮುಗಿಸಿ ಬಂದವನು. ಅಪ್ಪ ಗೆರಿ ಬಡವರ ಕೇರಿಯಲ್ಲಿ ‘ರ‍್ಯಾಗ್ಸ್ ಅಂಡ್ ಟ್ಯಾಟರ್ಸ್’ ಎಂಬ ಗುಜರಿ ಹಾಗೂ ಗಿರವಿ ಅಂಗಡಿ ಇಟ್ಟಿದ್ದಾನೆ. ಕಳ್ಳರ ಹಣ ಅಪ್ಪ ಮತ್ತವನ ಗೆಳೆಯರ ಕೈಗೆ ಸಿಗುತ್ತದೆ. ಅದು ಎಲ್ಲಿದೆ ಎಂದು ಬಾಯಿಬಿಡಿಸಲು ಬಂದ ಗೂಂಡಾಗಳು ಅವರನ್ನು ವಿದ್ಯುತ್ ತಂತಿಗೆ ಸಿಲುಕಿಸುತ್ತಾರೆ. ಬಿಡಿಸಲು ಹೋದ ರೋರಿಗೂ ಶಾಕ್ ಹೊಡೆಯುತ್ತದೆ. ಉಳಿದವರು ಸಾಯುತ್ತಾರೆ, ಅವರ ಕಸರತ್ತು, ಬಾಕ್ಸಿಂಗ್, ತೋಳ್ಬಲ ರೋರಿಗೆ ಹರಿದು ಬರುತ್ತದೆ. ಆ ಚಿಂದಿ ವೇಷ ಆಗ ಬರೀ ವೇಷ. ಅದರಲ್ಲಿ ಯಾವ ಶಕ್ತಿಯೂ ಇಲ್ಲ.

ಈ ಐದರಲ್ಲಿ ‘ಯಹೂದಿ’ ಎಂಬ ಗುರುತನ್ನು ಕಥೆ ಬಾಯಿಬಿಟ್ಟು ಹೇಳುವುದಿಲ್ಲ. ರೀಗನ್ ಅನ್ನುವುದು ಕಿವಿಗೆ ಐರಿಶ್ ಹೆಸರು. ಆದರೆ ಅಮೆರಿಕದ ಕಾಮಿಕ್ಸ್‌ನಲ್ಲಿ ಹೀಗೆ ಮರೆಮಾಚುವುದು ಹಳೆಯ ರೂಢಿ. ಜಾಕೊಬ್ ಕರ್ಟ್ಸ್‌ಬರ್ಗ್ ಎಂಬಾತ ಜ್ಯಾಕ್ ಕಿರ್ಬಿ ಆದರು, ಸ್ಟ್ಯಾನ್ಲಿ ಲೀಬರ್ ಸ್ಟ್ಯಾನ್ ಲೀ ಆದರು. ಬರೆಯುವವರೇ ಹೆಸರು ಬದಲಿಸಿಕೊಂಡ ಮೇಲೆ ಪಾತ್ರಗಳೂ ಬದಲಿಸಿಕೊಂಡವು. ಕ್ಯೂಬರ್ಟ್ ಸ್ವತಃ 1926ರಲ್ಲಿ ಅಂದಿನ ಪೋಲೆಂಡ್‌ನಲ್ಲಿ ಹುಟ್ಟಿ, ಹಾಲುಗೂಸಾಗಿದ್ದಾಗಲೇ ಅಮೆರಿಕಕ್ಕೆ ಬಂದ ಯಹೂದಿ ಕುಟುಂಬದವರು. 2003ರಲ್ಲಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೊದ ದಂಗೆಯ ಮೇಲೆ ಒಂದಿಡೀ ಚಿತ್ರಕಾದಂಬರಿ ಮಾಡಿದರು, ಪೆನ್ಸಿಲ್ ಗೆರೆಗೆ ಮಸಿಯನ್ನೇ ಹಾಕದೆ. ಅದನ್ನು ನೋಡಿದ ಮೇಲೆ 1976ರ ಗುಜರಿ ಅಂಗಡಿಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಗೆರೆಬಣ್ಣ
ಕರಡು_ಪ್ರತಿ ಅವರು ಹೇಳಿದ್ದಕ್ಕೆ ಬಣ್ಣದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಈ ಪಾತ್ರ ಹಿಂದೆ ಬಿದ್ದದ್ದಕ್ಕೆ ಮುದ್ರಣವೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಆಗಿನ ಬಣ್ಣದ ಲೆಕ್ಕ ಹೀಗಿತ್ತು. ನೀಲಿ, ಕೆಂಪು, ಹಳದಿ. ಪ್ರತಿಯೊಂದಕ್ಕೂ ಖಾಲಿ, 25, 50, 100 ಶೇಕಡಾ ಎಂದು ನಾಲ್ಕು ಹಂತ. 4×4×4, ಒಟ್ಟು 64 ಬಣ್ಣ. ಮೇಲೆ ಕಪ್ಪು ಗೆರೆ. ಸೂಪರ್‌ಮ್ಯಾನ್‌ಗೆ ಇದು ಧಾರಾಳ ಸಾಕು, ಅವನ ಮೈಮೇಲೆ ಇರುವುದೇ ಮೂರು ಬಣ್ಣ, ಅವೂ ದೊಡ್ಡ ದೊಡ್ಡ ಹರವಿನಲ್ಲಿ. ರ‍್ಯಾಗ್‌ಮನ್ ಮೈಮೇಲೆ ಹತ್ತಾರು ತೇಪೆ. ಪ್ರತಿ ತೇಪೆಗೂ ಬೇರೆ ಬಣ್ಣದ ಸಂಕೇತ ಬರೆಯಬೇಕು, ಪ್ರತಿ ಪ್ಯಾನೆಲ್‌ನಲ್ಲೂ ಅದೇ ತೇಪೆಗೆ ಅದೇ ಸಂಕೇತ ಬರಬೇಕು. ನ್ಯೂಸ್‌ಪ್ರಿಂಟ್ ಕಾಗದ ಮಸಿ ಹೀರಿಕೊಂಡು ಚುಕ್ಕಿಗಳನ್ನು ಹಿಗ್ಗಿಸುತ್ತದೆ. ಬೆರಳುಗುರಿನಷ್ಟು ಅಗಲದ ತೇಪೆಯೊಳಗೆ 50ರ ಕೆಂಪು, 25ರ ನೀಲಿ, ಹಳದಿ ಮೂರೂ ಬಿದ್ದರೆ ಕೊನೆಗೆ ಉಳಿಯುವುದು ಕೆಸರು ಬಣ್ಣ. ದೂರದ ನೋಟದ ಪ್ಯಾನೆಲ್‌ಗಳಲ್ಲಿ ಅವನು ರಾತ್ರಿಯ ಹಿನ್ನೆಲೆಯೊಳಗೇ ಕರಗಿಹೋಗುತ್ತಾನೆ.

ಈಗ ಬಿಡಿಸುವವರಿಗೆ ಒಂದು ಸೂಚನೆ: ದೂರದ ನೋಟದಲ್ಲಿ ಎಲ್ಲ ತೇಪೆಗಳನ್ನೂ ಬಿಡಿಸಬೇಡಿ. ಮುಸುಕು, ಹೆಗಲು, ಮೇಲಂಗಿಯ ಹರಿದ ಅಂಚು, ಈ ಮೂರರ ಹೊರಗೆರೆ ಗಟ್ಟಿಯಿರಲಿ. ತೇಪೆ ಐದಾರು ಸಾಕು, ಅದೂ ಬೆಳಕು ಬಿದ್ದ ಪಕ್ಕದಲ್ಲಿ ಮಾತ್ರ. ಸೊಂಟದಿಂದ ಮೇಲಿನ ನೋಟಕ್ಕೆ ಬಂದಾಗ ತೇಪೆಯ ಅಂಚಿನ ಹೊಲಿಗೆ ಕಾಣಲಿ. ಮುಖ ಹತ್ತಿರ ಬಂದಾಗ ನೇಯ್ಗೆಯೂ ಕಾಣಲಿ, ಒಂದು ಒರಟು ಗೋಣಿ, ಪಕ್ಕದ್ದು ಸವೆದ ಉಣ್ಣೆ. ಅಜ್ಜಿಯರು ಹೊಲಿಯುವ ಕೌದಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ತೇಪೆಗಳನ್ನು ಹಿಡಿದಿಡುವುದು ಬಣ್ಣವಲ್ಲ, ಮೇಲೆ ಓಡಿದ ಹೊಲಿಗೆಯ ಸಾಲು.

ತೇಪೆದಾರ
ಗುಜರಿ ವ್ಯಾಪಾರದ ಬಗ್ಗೆ ಯಾರೂ ಬರೆಯಲಿಲ್ಲ. ಬರೆಯಲೇಬೇಕು, ಯಾಕೆಂದರೆ ಪಾತ್ರದ ಹೆಸರೇ ಒಂದು ಕಸುಬಿನದು, ಚಿಂದಿ ಕೊಳ್ಳುವವನು ಎಂದರ್ಥ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪೂರ್ವ ಯುರೋಪಿನಿಂದ ಬಂದ ಯಹೂದಿಗಳಲ್ಲಿ ಎಷ್ಟೋ ಜನ ಅಮೆರಿಕದ ಊರುಗಳಲ್ಲಿ ಮೊದಲು ಹಿಡಿದ ಕೆಲಸ ಚಿಂದಿ ಕೊಳ್ಳುವುದು. ಬಂಡವಾಳ ಬೇಕಿಲ್ಲ, ಒಂದು ತಳ್ಳುಗಾಡಿ ಅಥವಾ ಕುದುರೆಗಾಡಿ, ಒಂದು ತಕ್ಕಡಿ. ಅವರ ಮಾತಾದ ಯಿಡ್ಡಿಷ್‌ನಲ್ಲಿ ಚಿಂದಿಗೆ ‘ಶ್ಮಾಟೆ’ ಎನ್ನುತ್ತಾರೆ. ನ್ಯೂಯಾರ್ಕಿನ ಸಿದ್ಧ ಉಡುಪಿನ ಉದ್ಯಮಕ್ಕೆ ಇವತ್ತಿಗೂ ಬಳಕೆಯಲ್ಲಿರುವ ಅಡ್ಡಹೆಸರು ಅದೇ. ನಟ ಕರ್ಕ್ ಡಗ್ಲಸ್ ಅವರ ಅಪ್ಪ ನ್ಯೂಯಾರ್ಕ್ ರಾಜ್ಯದ ಆಮ್‌ಸ್ಟರ್‌ಡ್ಯಾಮ್ ಎಂಬ ಗಿರಣಿ ಊರಿನಲ್ಲಿ ಇದೇ ಕೆಲಸ ಮಾಡಿದವರು.

ಕೊಂಡ ಮೇಲೆ ಬೇರ್ಪಡಿಸುವುದೇ ನಿಜವಾದ ಕಸುಬು. ಹತ್ತಿ ಮತ್ತು ನಾರಗಸೆಯ ಲಿನನ್ ಒಂದು ರಾಶಿ, ಅದು ಕಾಗದದ ಗಿರಣಿಗೆ. ಬಿಳಿಯದಕ್ಕೆ ಹೆಚ್ಚು ಬೆಲೆ, ಬಣ್ಣದ್ದಕ್ಕೆ ಕಡಿಮೆ. ಉಣ್ಣೆ ಇನ್ನೊಂದು ರಾಶಿ. ಅದನ್ನು ಹಲ್ಲಿನ ಯಂತ್ರದಲ್ಲಿ ಸಿಗಿದು ಮತ್ತೆ ನಾರು ಮಾಡಿ, ಹೊಸ ಉಣ್ಣೆ ಬೆರೆಸಿ ನೂಲುತ್ತಿದ್ದರು. ಆ ಅಗ್ಗದ ಬಟ್ಟೆಗೆ ‘ಶಾಡಿ’ ಎಂದು ಹೆಸರು, 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಶುರುಮಾಡಿದ ವಿಧಾನ. ಗುಂಡಿಗಳನ್ನು ಕತ್ತರಿಸಿ ಬೇರೆ ಮಾರುತ್ತಿದ್ದರು. ಉಣ್ಣೆಯ ರಾಶಿಗೆ ಹತ್ತಿಯ ದಾರ ಸೇರಿದರೆ ಬಣ್ಣ ಏಳುವುದಿಲ್ಲ, ಹತ್ತಿಯ ರಾಶಿಗೆ ಉಣ್ಣೆ ಸೇರಿದರೆ ಕಾಗದದ ಹದ ಕೆಡುತ್ತದೆ. ಬೆರಳ ತುದಿಯಲ್ಲಿ ಉಜ್ಜಿ ಇದು ಇಂಥದ್ದು ಎಂದು ಹೇಳಬಲ್ಲವನೇ ಬದುಕುತ್ತಿದ್ದ.

ಗೆರಿ ರೀಗನ್ ಅಂಥ ಬೆರಳಿನವನು. 1976ರ ಸಂಚಿಕೆಗಳಲ್ಲಿ ಅಂಗಡಿಯ ಆ ವಾತಾವರಣ ಇದೆ. ನಂತರದವರು ಅಂಗಡಿಯನ್ನು ಬರೀ ಹಿನ್ನೆಲೆ ಮಾಡಿಬಿಟ್ಟರು.

ಮಣ್ಣಿನಕ್ಷರ
1991ಕ್ಕೆ ಬರುತ್ತೇನೆ, ಅಸಲಿ ತಿರುವು ಅಲ್ಲಿದೆ. ಎಂಟು ಸಂಚಿಕೆಗಳ ಕಿರುಸರಣಿ. ಕಥಾಹಂದರ ಕೀತ್ ಗಿಫನ್, ಸಂಭಾಷಣೆ ರಾಬರ್ಟ್ ಲೊರೆನ್ ಫ್ಲೆಮಿಂಗ್, ಚಿತ್ರ ಪ್ಯಾಟ್ ಬ್ರಾಡರಿಕ್. ಮೊದಲ ಸಲ ರೋರಿ ನೇರವಾಗಿ ಯಹೂದಿಯಾದ. ಅಪ್ಪನ ಮೂಲ ಹೆಸರು ಜೆರ್ಜಿ ರೀಗನೀವಿಚ್ ಎಂದಾಯಿತು. ಅವನೂ ಒಂದು ಕಾಲಕ್ಕೆ ಈ ಉಡುಪು ತೊಟ್ಟವನೇ, ವಾರ್ಸಾ ಘೆಟ್ಟೊದಲ್ಲಿ. ಅಲ್ಲಿ ತನ್ನವರನ್ನು ಉಳಿಸಿಕೊಳ್ಳಲಾಗದೆ, ಬದುಕಿ ಅಮೆರಿಕಕ್ಕೆ ಬಂದು, ಹೆಸರು ಮೊಟಕು ಮಾಡಿಕೊಂಡು ಗುಜರಿ ಅಂಗಡಿ ತೆರೆದ. ಐರಿಶ್ ಹೆಸರಿನ ತೊಡಕು ಈ ಒಂದೇ ಏಟಿಗೆ ಬಿಡಿಸಿಕೊಂಡಿತು, ಅದೂ ಚರಿತ್ರೆಗೆ ಮೋಸವಾಗದ ಹಾಗೆ.

ಉಡುಪಿನ ನಿಯಮವೂ ಬದಲಾಯಿತು. ಪ್ರಾಗ್‌ನ ಗೋಲೆಮ್ ಕಥೆ ಗೊತ್ತಲ್ಲ? 1609ರಲ್ಲಿ ತೀರಿಕೊಂಡ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಯೆಹೂದಾ ಲೋವ್ ಅವರ ಹೆಸರಿಗೆ ಅಂಟಿಕೊಂಡ ಕಥೆ. ಜೇಡಿಮಣ್ಣಿನ ಆಳು, ಹಣೆಯ ಮೇಲೆ ‘ಎಮೆತ್’ ಎಂದು ಬರೆದರೆ ಜೀವ ಬರುತ್ತದೆ. ಹಾಗಂದರೆ ಸತ್ಯ. ಮೊದಲ ಅಕ್ಷರ ಆಲೆಫ್ ಅಳಿಸಿದರೆ ಉಳಿಯುವುದು ‘ಮೆತ್’, ಸತ್ತವನು. 1991ರ ಸರಣಿಯಲ್ಲಿ ಆ ಗೋಲೆಮ್‌ನ ಬದಲಿಗೆ, ಮನುಷ್ಯನೇ ತೊಡಬೇಕಾದ ಒಂದು ಉಡುಪನ್ನು ರಬ್ಬಿಗಳ ಮಂಡಳಿ ಮಾಡಿಸಿತು ಎಂಬ ಕಲ್ಪನೆ. ಒಂದೊಂದು ತೇಪೆಯೂ ಒಬ್ಬೊಬ್ಬ ದುಷ್ಟನ ಆತ್ಮ. ರ‍್ಯಾಗ್‌ಮನ್ ಪಾಪಿಯನ್ನು ಸೆಳೆದುಕೊಂಡರೆ ಅವನು ಹೊಸ ತೇಪೆಯಾಗಿ ಸೇರುತ್ತಾನೆ, ತೊಟ್ಟವನಿಗೆ ತನ್ನ ಬಲ ಕೊಟ್ಟು ದುಡಿದು ಋಣ ತೀರಿಸಿಕೊಳ್ಳುತ್ತಾನೆ. ಆದರೆ ಆ ಆತ್ಮಗಳಿಗೆ ಬಾಯಿಯೂ ಇದೆ. ಕಿವಿಯಲ್ಲಿ ಮಾತಾಡುತ್ತವೆ, ಕೋಪ ಏರಿಸುತ್ತವೆ. ಬಲ ಬೇಕೆಂದು ಹೆಚ್ಚು ಹೆಚ್ಚು ಸೆಳೆದಷ್ಟೂ ಒಳಗಿನ ಗದ್ದಲ ಜೋರಾಗುತ್ತದೆ. ಒಂದು ಬಲಕ್ಕೆ ಒಂದು ಬೆಲೆ, ಇದಕ್ಕಿಂತ ಅಚ್ಚುಕಟ್ಟಾದ ನಿಯಮ ಈ ಪಾತ್ರಕ್ಕೆ ಸಿಕ್ಕಿಲ್ಲ. ಓದಲು ಶುರುಮಾಡುವುದಾದರೆ ಇಲ್ಲಿಂದಲೇ.

ಸಂಚಿಕೆ38
ಮಣ್ಣಿನಕ್ಷರ ಅವರೇ, 1991ರ ಸರಣಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಒಂದು ತೊಂದರೆಯೂ ಇದೆ. ಯಹೂದಿ ನಾಯಕ ಅಂದ ಕೂಡಲೇ ಗೋಲೆಮ್ ಒಂದು, ಘೆಟ್ಟೊ ಒಂದು, ಇವೆರಡೇ. ಡಿಸಿಯ ಎದುರಾಳಿ ಪ್ರಕಾಶನ ಮಾರ್ವೆಲ್ 1974ರಲ್ಲೇ ‘ಸ್ಟ್ರೇಂಜ್ ಟೇಲ್ಸ್’ನಲ್ಲಿ ಗೋಲೆಮ್ ತಂದಿತ್ತು, 1977ರಲ್ಲಿ ‘ಇನ್ವೇಡರ್ಸ್’ನಲ್ಲಿ ಮತ್ತೆ ತಂದಿತು. ಒಂದು ಸಮುದಾಯದ ಸಾವಿರಾರು ವರ್ಷಗಳ ಬದುಕು ಮಣ್ಣಿನ ಬೊಂಬೆಗೂ ಸಾವಿಗೂ ಇಳಿದುಬಿಟ್ಟರೆ ಅದು ಅನ್ಯಾಯ.

ಬೇರೆಯವರು ಹೇಗೆ ಮಾಡಿದರು ನೋಡಿ. ಮಾರ್ವೆಲ್‌ನ ಕಿಟ್ಟಿ ಪ್ರೈಡ್ 1980ರಲ್ಲಿ ಬಂದಳು. ಕುತ್ತಿಗೆಯಲ್ಲಿ ಯಹೂದಿಗಳ ಗುರುತಾದ ದಾವೀದನ ನಕ್ಷತ್ರ, ಅಷ್ಟೆ. 1982ರ ‘ಅನ್‌ಕ್ಯಾನಿ ಎಕ್ಸ್-ಮೆನ್’ 159ರಲ್ಲಿ ಡ್ರಾಕುಲಾ ಎದುರು ಅವಳು ಶಿಲುಬೆ ಹಿಡಿದರೆ ಏನೂ ಆಗುವುದಿಲ್ಲ, ಕುತ್ತಿಗೆಯ ನಕ್ಷತ್ರ ಅವನ ಕೈ ಸುಡುತ್ತದೆ. ನಂಬಿಕೆ ಯಾರದು ಎಂಬುದು ಒಂದೇ ಪ್ಯಾನೆಲ್‌ನಲ್ಲಿ ತೀರ್ಮಾನವಾಯಿತು. ಮೂನ್ ನೈಟ್ 1975ರಲ್ಲಿ ಹುಟ್ಟಿದ, ಅವನ ಅಪ್ಪ ರಬ್ಬಿ ಎಂಬುದಕ್ಕೆ ಇಡೀ ಕಥೆ ಸಿಕ್ಕಿದ್ದು 1984ರಲ್ಲಿ, ಮೊದಲ ಸರಣಿಯ ಕೊನೆಯ ಎರಡು ಸಂಚಿಕೆಗಳಾದ 37 ಮತ್ತು 38ರಲ್ಲಿ, ಆಲನ್ ಝೆಲೆನೆಟ್ಸ್ ಬರೆದಾಗ. ಅಲ್ಲಿ ಜಗಳ ಇರುವುದು ಅಪ್ಪ–ಮಗನ ನಡುವೆ, ಮುನಿಸಿಕೊಂಡು ಮನೆಬಿಟ್ಟ ಮಗ ಅಪ್ಪನ ಸಾವಿಗೆ ಮರಳುವುದು.

ಬೆನ್ ಗ್ರಿಮ್, ಅಂದರೆ ದಿ ಥಿಂಗ್, 1961ರಿಂದ ಇದ್ದವನು ಯಹೂದಿ ಎಂದು ಕಥೆಯೊಳಗೆ ತಿಳಿದದ್ದು 2002ರಲ್ಲಿ, 41 ವರ್ಷ ಆದ ಮೇಲೆ. ‘ಫೆಂಟಾಸ್ಟಿಕ್ ಫೋರ್’ ಮೂರನೇ ಸರಣಿಯ 56ನೇ ಸಂಚಿಕೆ, ಬರೆದವರು ಕಾರ್ಲ್ ಕೇಸೆಲ್. ಹುಡುಗನಾಗಿದ್ದಾಗ ಗಿರವಿ ಅಂಗಡಿಯಿಂದ ಕದ್ದ ನಕ್ಷತ್ರದ ಪದಕವನ್ನು ವಾಪಸು ಕೊಡಲು ಬರುತ್ತಾನೆ. ಗಿರವಿ ಅಂಗಡಿಯ ಮುದುಕ ಸತ್ತನೆಂದುಕೊಂಡು ಬೆನ್ ಯಹೂದಿಗಳ ‘ಶೆಮಾ’ ಪ್ರಾರ್ಥನೆ ಹೇಳುತ್ತಾನೆ, ಪದಗಳನ್ನು ತಡವರಿಸುತ್ತ. ಗೋಲೆಮ್ ಅಲ್ಲೂ ಬರುತ್ತದೆ, ಆದರೆ ಮುದುಕನ ಒಂದು ಮಾತಾಗಿ ಮಾತ್ರ.

ಮಣ್ಣಿನಕ್ಷರ
ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಗೋಲೆಮ್ ಸವಕಲಾಗಿದೆ, ನಿಜ. ಆದರೆ 1991ರಲ್ಲಿ ವಾರ್ಸಾ ಬಂದದ್ದು ಅಲಂಕಾರಕ್ಕಲ್ಲ. ಅಪ್ಪ ಯಾಕೆ ಮಾತೇ ಆಡುತ್ತಿರಲಿಲ್ಲ, ಯಾಕೆ ಹೆಸರು ಬದಲಿಸಿದ, ಬಲಶಾಲಿಯಾದ ಉಡುಪನ್ನು ಯಾಕೆ ಅಡಗಿಸಿಟ್ಟ, ಮೂರಕ್ಕೂ ಉತ್ತರ ಅದೇ. ಉಳಿದುಬಂದವರ ಮನೆಗಳಲ್ಲಿದ್ದ ಮೌನದ ಬಗ್ಗೆ ಮುಖ್ಯವಾಹಿನಿಯ ಸೂಪರ್‌ಹೀರೋ ಕಾಮಿಕ್ಸ್ 1991ರಲ್ಲಿ ಇಷ್ಟು ಮಾತಾಡಿದ್ದೇ ದೊಡ್ಡದು. ನೀವು ಹೇಳಿದ ಥಿಂಗ್ ಕಥೆಯೂ ಗಿರವಿ ಅಂಗಡಿಯಲ್ಲೇ ನಡೆಯುತ್ತದೆ ಅನ್ನುವುದನ್ನು ಗಮನಿಸಿ. ಕೇರಿ, ಅಂಗಡಿ, ಅಡವಿಟ್ಟ ವಸ್ತು. ಎರಡೂ ಕಥೆಗೆ ನೆಲ ಒಂದೇ.

ಕರಡು_ಪ್ರತಿ
ನಡುವಿನ ವರ್ಷಗಳನ್ನು ಬೇಗ ಮುಗಿಸುತ್ತೇನೆ. 1983ರ ಮಾರ್ಚ್‌ನಲ್ಲಿ ‘ಬ್ರೇವ್ ಅಂಡ್ ದ ಬೋಲ್ಡ್’ 196ರಲ್ಲಿ ಬ್ಯಾಟ್‌ಮನ್ ಜೊತೆ ಒಂದು ಕಥೆ, ಕ್ಯಾನಿಗರ್ ಅವರೇ ಬರೆದದ್ದು, ಚಿತ್ರ ಜಿಮ್ ಅಪಾರೊ. 1993–94ರಲ್ಲಿ ‘ಕ್ರೈ ಆಫ್ ದ ಡೆಡ್’, ಆರು ಸಂಚಿಕೆ, ಬರೆದವರು ಎಲೇನ್ ಲೀ. 1998ರಲ್ಲಿ ‘ಬ್ಯಾಟ್‌ಮನ್’ 551–552, ಡಗ್ ಮೆಂಚ್ ಮತ್ತು ಕೆಲ್ಲಿ ಜೋನ್ಸ್. ಯಹೂದಿದ್ವೇಷಿಗಳ ವಿರುದ್ಧದ ಕಥೆ, ಜೋನ್ಸ್ ಬಿಡಿಸಿದ ಮೇಲಂಗಿ ನೋಡಲಿಕ್ಕಾದರೂ ಹುಡುಕಿ ಓದಿ.

2005ರ ‘ಡೇ ಆಫ್ ವೆಂಜೆನ್ಸ್’ ಆರು ಸಂಚಿಕೆ, ಅದರಿಂದ ಹುಟ್ಟಿದ ‘ಶ್ಯಾಡೋಪ್ಯಾಕ್ಟ್’ 2006ರಿಂದ 2008ರವರೆಗೆ 25 ಸಂಚಿಕೆ. ರೋರಿ ಅತಿ ಹೆಚ್ಚು ಪುಟಗಳಲ್ಲಿ ಕಾಣಿಸಿಕೊಂಡದ್ದು ಇಲ್ಲಿ. ಆದರೆ ಗುಂಪಿನ ಕಥೆಯಲ್ಲಿ ಒಂದು ಅನಿವಾರ್ಯ ಇದೆ. ಆರು ಜನರಿಗೆ ಇಪ್ಪತ್ತೆರಡು ಪುಟ ಹಂಚಬೇಕು, ಒಬ್ಬೊಬ್ಬರಿಗೂ ಸಿಗುವುದು ಮೂರೋ ನಾಲ್ಕೋ. ಅಷ್ಟರಲ್ಲಿ ಆತ್ಮಗಳ ಗದ್ದಲ ತೋರಿಸಲು ಜಾಗವಿಲ್ಲ. ಉಡುಪು ಬಲದ ಡಬ್ಬಿಯಾಯಿತು, ಬೇಕಾದಾಗ ತೆರೆಯುವುದು, ಸಾಕಾದಾಗ ಮುಚ್ಚುವುದು. 2010ರಲ್ಲಿ ಕ್ರಿಸ್ಟೋಸ್ ಗೇಜ್ ಬರೆದ ‘ಸೂಟ್ ಆಫ್ ಸೋಲ್ಸ್’ ಎಂಬ ಬಿಡಿ ಸಂಚಿಕೆ ಅಪ್ಪ ಮತ್ತು ನಂಬಿಕೆಯ ಪ್ರಶ್ನೆಗಳಿಗೆ ಮರಳಿತು. ಒಂದೇ ಸಂಚಿಕೆ, ಮುಂದುವರಿಯಲಿಲ್ಲ.

2017ರ ಅಕ್ಟೋಬರ್‌ನಿಂದ ಆರು ಸಂಚಿಕೆ, ಬರಹ ರೇ ಫಾಕ್ಸ್, ಚಿತ್ರ ಇನಾಕಿ ಮಿರಾಂಡಾ. ಇಲ್ಲಿ ರೋರಿ ಸೈನ್ಯ ಬಿಟ್ಟು ಬಂದವನು. ಜೊತೆಗಾರರೊಂದಿಗೆ ಮರುಭೂಮಿಯ ಹಳೆಯ ಸಮಾಧಿಯೊಂದಕ್ಕೆ ನುಗ್ಗುತ್ತಾನೆ, ಅವರೆಲ್ಲ ಸಾಯುತ್ತಾರೆ, ಉಡುಪು ಇವನನ್ನು ಹಿಡಿದುಕೊಳ್ಳುತ್ತದೆ, ಒಳಗಿನಿಂದ ಸತ್ತ ಗೆಳೆಯರೇ ಮಾತಾಡುತ್ತಾರೆ. ಚಿತ್ರ ಸೊಗಸು. ಮಿರಾಂಡಾ ಚಿಂದಿಯ ಪಟ್ಟಿಗಳನ್ನು ಜೀವವಿರುವ ಹಾಗೆ ಹರಿಯಬಿಟ್ಟಿದ್ದಾರೆ. ಗೆಳೆಯರ ಆತ್ಮ ಎಂಬುದೂ ಭಾವುಕವಾಗಿ ಸರಿಯೇ. ಆದರೆ ಮೂರು ಕೊಂಡಿ ಒಮ್ಮೆಲೇ ಕಳಚಿದವು: ಆತ್ಮಗಳು ದುಷ್ಟರದ್ದಲ್ಲವಾದ್ದರಿಂದ ಋಣ ತೀರಿಸುವ ನಿಯಮ ಹೋಯಿತು. ಉಡುಪು ಅಪ್ಪನಿಂದ ಬರಲಿಲ್ಲವಾದ್ದರಿಂದ ವಂಶದ ಮೌನ ಹೋಯಿತು. ಸಮಾಧಿಯ ಶಾಪ ಯಾವ ಊರಿನ ಕಥೆಗೂ ಹೊಂದುತ್ತದೆ, ಹಾಗಾಗಿ ಯಹೂದಿತನ ಹಿನ್ನೆಲೆಗೆ ಸರಿಯಿತು.

ಸಂಚಿಕೆ38
ಟಿವಿಯ ‘ಆ್ಯರೋ’ ಐದನೇ ಸೀಸನ್ ಬಿಟ್ಟಿರಿ. 2016ರಲ್ಲಿ ಜೋ ಡಿನಿಕೊಲ್ ಮಾಡಿದ ರೋರಿ. ಹೇವನ್‌ರಾಕ್ ಎಂಬ ಊರಿನ ಮೇಲೆ ಅಣು ಕ್ಷಿಪಣಿ ಬೀಳುತ್ತದೆ, ಅಪ್ಪ ಮಗನನ್ನು ಆ ಚಿಂದಿಗಳಲ್ಲಿ ಸುತ್ತುತ್ತಾನೆ, ಮಗನೊಬ್ಬ ಉಳಿಯುತ್ತಾನೆ. ಕೆಲವೇ ಕಂತು ಇದ್ದ ಪಾತ್ರ. ಆದರೂ ‘ಅಪ್ಪ ಹೊದಿಸಿದ ಬಟ್ಟೆ’ ಎಂಬ ಒಂದು ಎಳೆಯನ್ನು ಅವರು ಬಿಡಲಿಲ್ಲ. ಆ ಲೆಕ್ಕದಲ್ಲಿ 2017ರ ಪುಸ್ತಕಕ್ಕಿಂತ ಇದೇ ಮೂಲಕ್ಕೆ ಹತ್ತಿರ.

ತೇಪೆದಾರ
ಈಗ ಮುಂದೆ ಯಾರಾದರೂ ಇವನನ್ನು ಮತ್ತೆ ತರುವುದಾದರೆ ಗೋಲೆಮ್ ಇಲ್ಲದೆಯೂ ಯಹೂದಿ ಬದುಕಿನಿಂದಲೇ ಎತ್ತಿಕೊಳ್ಳಲು ಎಷ್ಟಿದೆ ನೋಡಿ. ಎಲ್ಲವೂ ಬಟ್ಟೆಗೆ ಸಂಬಂಧಪಟ್ಟದ್ದು.

‘ಶಾತ್ನೆಜ್’ ಎಂಬ ನಿಷೇಧ. ಯಹೂದಿ ಧರ್ಮಗ್ರಂಥ ತೋರಾದಲ್ಲಿ ಎರಡು ಕಡೆ ಬರುತ್ತದೆ, ಯಾಜಕಕಾಂಡ 19:19, ಧರ್ಮೋಪದೇಶಕಾಂಡ 22:11. ಕುರಿಯ ಉಣ್ಣೆಯನ್ನೂ ಲಿನನ್ನನ್ನೂ ಒಂದೇ ಉಡುಪಿನಲ್ಲಿ ಸೇರಿಸಿ ತೊಡಬಾರದು. ಹತ್ತಿಗೆ ತಕರಾರಿಲ್ಲ. ಇವತ್ತಿಗೂ ಕಟ್ಟುನಿಟ್ಟಿನ ಯಹೂದಿಗಳು ಹೊಸ ಕೋಟನ್ನು ಪರೀಕ್ಷೆಗೆ ಕೊಡುತ್ತಾರೆ. ಪರೀಕ್ಷಕರು ಕಾಲರಿನ ಒಳಗಿನ ಗಟ್ಟಿ ಬಟ್ಟೆ, ಹೆಗಲ ಪ್ಯಾಡು, ಗುಂಡಿಯ ದಾರ ಹೀಗೆ ಬೇರೆ ಬೇರೆ ಕಡೆಯಿಂದ ನಾರು ಎಳೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಉಣ್ಣೆಯಾದರೆ ಹೆಂಚು ಹೊದಿಸಿದ ಹಾಗೆ ಹುರುಪೆ ಕಾಣುತ್ತದೆ, ಲಿನನ್ ಆದರೆ ಬಿದಿರಿನ ಹಾಗೆ ಗಿಣ್ಣು ಗಿಣ್ಣು. ಹೆಚ್ಚಾಗಿ ಸಿಕ್ಕಿಬೀಳುವುದು ಕಾಲರಿನ ಒಳಪದರ. ಹಾಗಾದರೆ ನೂರೆಂಟು ಚಿಂದಿ ಸೇರಿಸಿ ಹೊಲಿದ ಉಡುಪನ್ನು ರಬ್ಬಿಗಳು ಹೇಗೆ ಒಪ್ಪಿದರು? ಒಂದು ದಾರಿ ಇದೆ: ಯೆರೂಸಲೇಮಿನ ದೇವಾಲಯದಲ್ಲಿ ಯಾಜಕರ ಸೊಂಟಪಟ್ಟಿ ‘ಅವ್ನೆತ್’ನಲ್ಲಿ ಉಣ್ಣೆಯೂ ಲಿನನ್ನೂ ಸೇರಿದ್ದವು. ಸೇವೆಯಲ್ಲಿದ್ದಾಗ ಮಾತ್ರ ಅದಕ್ಕೆ ಅನುಮತಿ. ಅಂದರೆ ರ‍್ಯಾಗ್‌ಮನ್ ಕಾಯುವ ಕೆಲಸದಲ್ಲಿದ್ದಾಗ ತೊಡಬಹುದು, ಕೆಲಸ ಮುಗಿದ ಮೇಲೂ ಮೈಮೇಲೆ ಇಟ್ಟುಕೊಂಡರೆ ಪಾಪ. ಉಡುಪಿನ ಚಟ ಹತ್ತುವ ಕಥೆಗೆ ಇದಕ್ಕಿಂತ ಒಳ್ಳೆಯ ನಿಯಮ ಎಲ್ಲಿ ಸಿಗುತ್ತದೆ?

ಆತ್ಮಗಳ ಅವಧಿಯೂ ಅಷ್ಟೆ. ಗೆಹಿನ್ನೋಮಿನಲ್ಲಿ, ಅಂದರೆ ನರಕದಲ್ಲಿ, ದುಷ್ಟರ ವಿಚಾರಣೆ ಹನ್ನೆರಡು ತಿಂಗಳು ಎಂದು ಯಹೂದಿಗಳ ಹಳೆಯ ಧರ್ಮಶಾಸ್ತ್ರ ಮಿಷ್ನಾದಲ್ಲಿದೆ. ಸತ್ತ ತಂದೆತಾಯಿಗಾಗಿ ‘ಕದ್ದಿಶ್’ ಪ್ರಾರ್ಥನೆ ಹೇಳುವುದನ್ನು ಹನ್ನೊಂದು ತಿಂಗಳಿಗೆ ನಿಲ್ಲಿಸುತ್ತಾರೆ, ಹನ್ನೆರಡೂ ಹೇಳಿದರೆ ನಮ್ಮವರನ್ನು ನಾವೇ ದುಷ್ಟರ ಸಾಲಿಗೆ ಸೇರಿಸಿದಂತೆ ಎಂದು. ತೇಪೆಗೊಂದು ಅವಧಿ ಹಾಕಿ. ಹನ್ನೆರಡು ತಿಂಗಳಾದ ತೇಪೆ ಉದುರಿ ಹೋಗಲೇಬೇಕು. ಆಗ ಬಲ ಎಂದಿಗೂ ಶಾಶ್ವತವಲ್ಲ, ದೊಡ್ಡ ಅಪಾಯ ಎದುರಿಗಿದ್ದಾಗಲೇ ಅತಿ ಬಲವಾದ ತೇಪೆಯ ದಿನ ತುಂಬಬಹುದು.

ಪೆಟ್ಟಿಗೆಪಾಲಕ
ಹಳೆ ಸಂಚಿಕೆ ಕೊಳ್ಳುವವರಿಗೆ ಕೆಲಸಕ್ಕೆ ಬರುವ ಮಾತು. ತೇಪೆದಾರ ಅವರು ಚಿಂದಿಯಿಂದ ಕಾಗದ ಮಾಡುತ್ತಿದ್ದರು ಅಂದರಲ್ಲ, ಆ ಕಾಗದ ಮುನ್ನೂರು ವರ್ಷ ಬಿಳಿಯಾಗೇ ಉಳಿಯುತ್ತದೆ. 1976ರ ರ‍್ಯಾಗ್‌ಮನ್ ಅಚ್ಚಾದದ್ದು ಮರದ ತಿರುಳಿನ ನ್ಯೂಸ್‌ಪ್ರಿಂಟ್ ಮೇಲೆ. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿಗೆ ಆಮ್ಲ ಬಿಟ್ಟು ಹಳದಿಯಾಗಿ ಪುಡಿಯಾಗುತ್ತದೆ.

ಕೊಳ್ಳುವಾಗ ಮೊದಲು ಒಳಪುಟ ಎಣಿಸಿ, ಮುಖಪುಟ ಬಿಟ್ಟು 32 ಇರಬೇಕು. ನಡುವಿನ ಹಾಳೆ ಪಿನ್ನಿನಿಂದ ಕಳಚಿಕೊಂಡು ಕಾಣೆಯಾಗಿರುವುದು ಸಾಮಾನ್ಯ. ಜಾಹೀರಾತಿನ ಹಿಂಬದಿಯಲ್ಲಿ ಕೂಪನ್ ಕತ್ತರಿಸಿದ್ದರೆ ಕಥೆಯ ಪುಟವೂ ತೂತಾಗಿರುತ್ತದೆ. ಪಿನ್ನಿನ ಸುತ್ತ ಕಂದು ಕಲೆ ಇದ್ದರೆ ತುಕ್ಕು ಹಿಡಿದಿದೆ ಎಂದರ್ಥ. ಅದನ್ನು ಕಿತ್ತು ಹೊಸ ಪಿನ್ ಹೊಡೆಯಲು ಹೋಗಬೇಡಿ, ತೂತು ಹರಿಯುತ್ತದೆ.

ಇಡುವ ಚೀಲದ ಅಳತೆಯಲ್ಲಿ ಹೆಚ್ಚಿನವರು ತಪ್ಪುತ್ತಾರೆ. 1976ರ ಪುಸ್ತಕ ಇಂದಿನದಕ್ಕಿಂತ ತುಸು ಅಗಲ. ಇಂದಿನ ಅಳತೆಯ ಚೀಲಕ್ಕೆ ತುರುಕಿದರೆ ಅಂಚು ಮಡಚುತ್ತದೆ. ಹಳೆಯ ಅಳತೆಯ ಚೀಲವನ್ನೇ ಕೇಳಿ ಕೊಳ್ಳಿ. ಪಾಲಿಪ್ರೊಪಿಲೀನ್ ಚೀಲ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಮೈಲಾರ್ ಎಂಬ ಗಟ್ಟಿ ಪಾಲಿಯೆಸ್ಟರ್ ಹಾಳೆಯದಾದರೆ ಬಹುಕಾಲ ಬರುತ್ತದೆ. ಹಿಂದೆ ಆಮ್ಲರಹಿತ ರಟ್ಟು ಇರಲಿ.

ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ಶತ್ರು. ತೇವಾಂಶ ಶೇಕಡಾ 65 ದಾಟಿದರೆ ಬೂಸ್ಟು ಬರುತ್ತದೆ, 50ರ ಸುತ್ತ ಇರಿಸಿಕೊಳ್ಳಿ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೆಟ್ಟಿಗೆಯೊಳಗೆ ಇಟ್ಟು, ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಇಡಿ. ನುಸಿಗುಳಿಗೆ ಹಾಕಬೇಡಿ. ಅದರ ಆವಿ ಪ್ಲಾಸ್ಟಿಕ್ಕಿಗೂ ಮಸಿಗೂ ಒಳ್ಳೆಯದಲ್ಲ, ವಾಸನೆ ಕಾಗದ ಬಿಟ್ಟು ಹೋಗುವುದೂ ಇಲ್ಲ. ಪೆಟ್ಟಿಗೆ ಗೋಡೆಗೆ ತಾಗದಂತೆ, ನೆಲದಿಂದ ಒಂದು ಗೇಣು ಮೇಲಿರಲಿ. ಪುಸ್ತಕಗಳು ನೆಟ್ಟಗೆ ನಿಲ್ಲಲಿ, ಕೈ ಹಾಕಿ ಒಂದನ್ನು ಸಲೀಸಾಗಿ ಎತ್ತುವಷ್ಟು ಸಡಿಲ ಬಿಡಿ.

ಹಳೇಸಂಚಿಕೆ
ಎಲ್ಲರಿಗೂ ವಂದನೆ. ಓದುವ ಕ್ರಮ ಹೀಗೆ ಬರೆದುಕೊಂಡೆ: 1991ರ ಎಂಟು, ಆಮೇಲೆ ಹಿಂದಕ್ಕೆ ಹೋಗಿ 1976ರ ಐದು, ನಂತರ ‘ಬ್ಯಾಟ್‌ಮನ್’ 551–552, 2010ರ ಬಿಡಿ ಸಂಚಿಕೆ. ಶ್ಯಾಡೋಪ್ಯಾಕ್ಟ್ ಮತ್ತು 2017 ಕೊನೆಗೆ. ಹೀಗೆ ಓದಿದರೆ 1976ರ ಅಂಗಡಿಯಲ್ಲಿ ಅಪ್ಪ ಬಾಯಿಬಿಡದೆ ಕೂತಿರುವ ಚಿತ್ರಗಳಿಗೆ ಬೇರೆ ತೂಕ ಬರುತ್ತದೆ.

ತೇಪೆದಾರ ಅವರೇ, ಒಂದು ಕೇಳಬೇಕು. ಶಾತ್ನೆಜ್ ಸರಿ, ಅವಧಿ ಸರಿ. ಅಪ್ಪ ಸತ್ತ ದೃಶ್ಯಕ್ಕೆ ಬಟ್ಟೆಯ ಕಡೆಯಿಂದ ಏನಾದರೂ ಇದೆಯೇ? ಪ್ರತಿ ಸರಣಿಯಲ್ಲೂ ಆ ದೃಶ್ಯ ಬೇಗ ಮುಗಿದುಹೋಗುತ್ತದೆ.

ತೇಪೆದಾರ
ಇದೆ. ‘ಕ್ರಿಯಾ’ ಎನ್ನುತ್ತಾರೆ. ನಮ್ಮ ಕ್ರಿಯೆಯಲ್ಲ, ಹೀಬ್ರೂ ಪದ, ಹರಿಯುವುದು ಎಂದರ್ಥ. ಹತ್ತಿರದವರು ಸತ್ತಾಗ ನಿಂತುಕೊಂಡು ತೊಟ್ಟ ಬಟ್ಟೆಯನ್ನು ಹರಿಯಬೇಕು. ಬೇರೆ ಬಂಧುಗಳಿಗಾದರೆ ಬಲಗಡೆ, ತಂದೆ ಅಥವಾ ತಾಯಿಗಾದರೆ ಎಡಗಡೆ, ಹೃದಯದ ಮೇಲೆ. ಚಾಕುವಿನಿಂದ ಸಣ್ಣ ಕಚ್ಚು ಮಾಡಿ, ಉಳಿದದ್ದನ್ನು ಕೈಯಲ್ಲಿ ಕೆಳಕ್ಕೆ ಸೀಳುತ್ತಾರೆ. ಅಳತೆ ಒಂದು ‘ತೆಫಾಖ್’, ಅಂಗೈ ಅಗಲ, ಸುಮಾರು 8 ಸೆಂಟಿಮೀಟರ್. ಬೇರೆ ಬಂಧುಗಳಿಗಾಗಿ ಹರಿದದ್ದನ್ನು ಏಳು ದಿನದ ನಂತರ ಕಚ್ಚಾ ಹೊಲಿಗೆ ಹಾಕಿ, ಮೂವತ್ತು ದಿನಕ್ಕೆ ಸರಿಯಾಗಿ ಹೊಲಿಯಬಹುದು. ತಂದೆತಾಯಿಗಾಗಿ ಹರಿದದ್ದಕ್ಕೆ ಮೂವತ್ತು ದಿನದ ಮೇಲೆ ಕಚ್ಚಾ ಹೊಲಿಗೆ ಮಾತ್ರ. ನೀಟಾಗಿ ಹೊಲಿಯುವುದು ಎಂದಿಗೂ ಇಲ್ಲ. ಅಮೆರಿಕದಲ್ಲಿ ಈಗ ಹಲವರು ಕಪ್ಪು ರಿಬ್ಬನ್ ಚುಚ್ಚಿಕೊಂಡು ಅದನ್ನೇ ಕತ್ತರಿಸುತ್ತಾರೆ, ಆದರೆ ರೋರಿಗೆ ರಿಬ್ಬನ್ ಹೊಂದುವುದಿಲ್ಲ.

ಗೆರೆಬಣ್ಣ
ಹಾಗಾದರೆ ಉಡುಪಿನ ಮೊದಲ ತುಂಡು ದುಷ್ಟನ ಆತ್ಮ ಆಗಬೇಕಿಲ್ಲ. ಅಪ್ಪ ಸತ್ತ ದಿನ ರೋರಿ ತೊಟ್ಟಿದ್ದ ಅಂಗಿಯೇ ಆಗಬಹುದು. ಬಿಡಿಸುವುದು ಹೀಗೆ: ಎಡ ಎದೆಯ ಮೇಲೆ ಮೇಲಿನಿಂದ ಕೆಳಕ್ಕೆ ಒಂದು ಸೀಳು. ಮೇಲ್ತುದಿ ನೇರ, ಅದು ಚಾಕು ಬಿದ್ದ ಜಾಗ. ಕೆಳಗೆ ಅಂಕುಡೊಂಕು, ನಾರು ಹೊರಗೆ ಚಾಚಿರಬೇಕು, ಅದು ಕೈಯಲ್ಲಿ ಸೀಳಿದ್ದು. ಮೇಲೆ ಮೂರು ಉದ್ದನೆಯ ಕಚ್ಚಾ ಹೊಲಿಗೆ, ದಾರದ ಬಣ್ಣ ಬಟ್ಟೆಗೆ ಹೊಂದದಿರಲಿ. ಉಳಿದ ತೇಪೆಗಳು ಹನ್ನೆರಡು ತಿಂಗಳಿಗೊಮ್ಮೆ ಬದಲಾದರೂ ಪ್ರತಿ ಸಂಚಿಕೆಯ ಪ್ರತಿ ಹತ್ತಿರದ ನೋಟದಲ್ಲೂ ಆ ಮೂರು ಹೊಲಿಗೆ ಹಾಗೇ ಇರಬೇಕು.

ಸಂಚಿಕೆ38
ನಾಲ್ಕನೇ ಹೊಲಿಗೆಯನ್ನು ಯಾವ ಕಲಾವಿದರೂ ಸೇರಿಸದಂತೆ ಮಾದರಿ ಹಾಳೆಯಲ್ಲೇ ಬರೆದಿಡಬೇಕು.